ರೇಸ್‌ನಿಂದ ರಿಟೈರ್ ಆದ ನಮ್ಮ ಶಾಂತಪ್ಪನನ್ನು ರಾಜ್ಯೋತ್ಸವಕ್ಕೆ ಕರೆದುಕೊಂಡು ಬರಬಹುದಾ? (ಪುಣೆ)

ಬೆಳಗಾವಿ ಕುಂದಾ (ವಾಕಡ್, ಪುಣೆ)

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿದವರು, ಸಾಕದವರು, ನಾಯಿ ಕಂಡರೆ ಆಗದವರು, ಎಲ್ಲರೂ ಹೇಳಿ.

ಐದು ವರ್ಷ ಡಬ್ಲಿನ್‌ನಲ್ಲಿದ್ದು ಎಂಟು ತಿಂಗಳ ಹಿಂದೆ ಪುಣೆಗೆ ಬಂದೆವು. ಜೊತೆಗೆ ನಮ್ಮ ಶಾಂತಪ್ಪನೂ ಬಂದ. ಗ್ರೇಹೌಂಡ್. ಐರ್ಲೆಂಡಿನಲ್ಲಿ ರೇಸ್ ಓಡುತ್ತಿದ್ದವನು. ಹಿಂಗಾಲಿಗೆ ಪೆಟ್ಟಾಗಿ ಮೂರನೇ ವಯಸ್ಸಿಗೇ ರಿಟೈರ್ ಆದ, ನಾವು ಮನೆಗೆ ತಂದೆವು. ಈಗ ಆರು ವರ್ಷ, 32 ಕಿಲೋ. ಕಿವಿಯೊಳಗೆ ಇನ್ನೂ ರೇಸ್ ಕಾಲದ ಹಚ್ಚೆ ಇದೆ. ಹೆಸರಿಟ್ಟಿದ್ದು ನಮ್ಮ ಮಾವನವರು. ವಿಡಿಯೋ ಕಾಲ್‌ನಲ್ಲಿ ಅರ್ಧ ಗಂಟೆ ನೋಡಿ, "ಇದು ಬೊಗಳೋದೇ ಇಲ್ಲಲ್ಲ, ಶಾಂತಪ್ಪ ಅಂತ ಕರೀರಿ" ಅಂದರು. ಅದೇ ನಿಂತಿತು.

ವಿಷಯ ಏನಂದರೆ, ಬರುವ ಭಾನುವಾರ ನಮ್ಮ ಕಡೆಯ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡುತ್ತಿದ್ದೇವೆ. ತೆರೆದ ಲಾನ್, 400 ಜನ, ಡೊಳ್ಳು ಕುಣಿತ, ಊಟ. ಕರೆಯೋಲೆಯಲ್ಲಿ "ಸಾಕುಪ್ರಾಣಿಗಳಿಗೂ ಸ್ವಾಗತ" ಅಂತ ಬರೆದಿದ್ದಾರೆ. ಮಗಳಿಗೆ ಒಂಬತ್ತು ವರ್ಷ, ಗೆಳತಿಯರಿಗೆಲ್ಲ ಶಾಂತಪ್ಪನನ್ನು ತೋರಿಸಬೇಕು ಅಂತ ಆಸೆ. ನಮ್ಮ ಯಜಮಾನರು "ಅವನಷ್ಟು ಸುಮ್ಮನಿರೋ ನಾಯಿ ಇನ್ನೊಂದಿಲ್ಲ, ಏನಾಗುತ್ತೆ" ಅಂತಾರೆ. ಆದರೆ ಗಣಪತಿ ಹಬ್ಬದ ಹತ್ತೂ ದಿನ ಅವನು ಬಾತ್‌ರೂಮಿನ ಮೂಲೆ ಬಿಟ್ಟು ಏಳಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಡಬ್ಬಾ ದೋಸೆ

ಫೋಟೋ ಹಾಕಿ ಮೊದಲು.

ಮಾಟುಂಗಾ ಮಾಮ (ಮುಂಬೈ)

ಧಾರಾಳವಾಗಿ ಕರೆದುಕೊಂಡು ಹೋಗಮ್ಮ. ನಮ್ಮ ಸೋಮು ಪಾಮೆರೇನಿಯನ್, ಹನ್ನೊಂದು ವರ್ಷ. ಮರಿಯಿದ್ದಾಗಿನಿಂದ ಫೈವ್ ಗಾರ್ಡನ್ಸ್, ಶಿವಾಜಿ ಪಾರ್ಕ್, ಫೆಬ್ರವರಿಯಲ್ಲಿ ಕಾಲಾ ಘೋಡಾ ಉತ್ಸವ, ಎಲ್ಲಾ ಕಡೆ ನನ್ನ ಜೊತೆ ಬಂದಿದ್ದಾನೆ. ರಶ್ ಜಾಸ್ತಿಯಾದರೆ ಹೆಗಲ ಮೇಲೆ ಹತ್ತಿಸಿಕೊಳ್ಳುತ್ತೇನೆ. ಅಲ್ಲಿಂದ ಎಲ್ಲರನ್ನೂ ಬೈಯುತ್ತಾನೆ, ಮನೆಗೆ ಬಂದು ನೆಮ್ಮದಿಯಾಗಿ ಮಲಗುತ್ತಾನೆ. ಕೂಡಿಹಾಕಿದ ನಾಯಿಯೇ ಹೆದರುಪುಕ್ಕಲ ಆಗೋದು. ರೂಢಿ ಮಾಡಿಸಬೇಕು ಅಷ್ಟೇ.

ಪಿಂಪ್ರಿ ಪಾಟೀಲ

ಹೋದ ವರ್ಷ ಮನುಷ್ಯರಿಗೇ ಕುರ್ಚಿ ಸಾಲಲಿಲ್ಲ. ಈ ಸಲ ನಾಯಿಗೂ ಒಂದು ಸಾಲು ಮೀಸಲಿಡಿ.

ಬೆಳಗಾವಿ ಕುಂದಾ

ಪಾಟೀಲರೇ, ಅವನಿಗೆ ಕುರ್ಚಿ ಬೇಡ. ಗ್ರೇಹೌಂಡ್‌ಗಳು ಸರಿಯಾಗಿ ಕೂರೋದೇ ಇಲ್ಲ. ತೊಡೆಯ ಸ್ನಾಯು ಅಷ್ಟು ದಪ್ಪ, ಕೂತರೆ ಹಿತ ಆಗಲ್ಲ. ಒಂದೋ ನಿಂತಿರುತ್ತವೆ, ಇಲ್ಲಾ ಮಲಗಿರುತ್ತವೆ. ಜಾಸ್ತಿ ಮಲಗಿರುತ್ತವೆ.

ಮೊಸರನ್ನ (ಕೋಥ್ರೂಡ್, ಪುಣೆ)

ನಾನು ಆ ಕಾರ್ಯಕ್ರಮಕ್ಕೆ ಬರುವವಳು. ನಾಯಿ ಕಂಡರೆ ಆಗದವರ ಪೈಕಿ ನನ್ನನ್ನು ಸೇರಿಸಿಕೊಳ್ಳಿ.

ಏಳು ವರ್ಷದವಳಿದ್ದಾಗ ಗದಗಿನಲ್ಲಿ ನಮ್ಮ ಓಣಿಯ ನಾಯಿ ಮೀನಖಂಡ ಹಿಡಿಯಿತು. ಆಗಿನ ಕಾಲದ ಹೊಟ್ಟೆಯ ಇಂಜೆಕ್ಷನ್, 14 ದಿನ. ದಿನಾ ಅಪ್ಪನ ಸೈಕಲ್ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗೋದು, ಅಳೋದು, ಬರೋದು. ಈಗ ನನಗೆ 46. ಇವತ್ತಿಗೂ ಲಿಫ್ಟ್ ಬಾಗಿಲು ತೆಗೆದಾಗ ಒಳಗೆ ನಾಯಿ ಇದ್ದರೆ ಮೆಟ್ಟಿಲು ಹತ್ತುತ್ತೇನೆ. ಏಳನೇ ಮಹಡಿಗೆ.

ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರೋದು "ಏನೂ ಮಾಡಲ್ಲಾರಿ ಅದು" ಅನ್ನೋ ಮಾತಿಗೆ. ಅದು ಏನೂ ಮಾಡದೇ ಇರಬಹುದು, ನನ್ನ ಕೈಕಾಲು ತಣ್ಣಗಾಗೋದು ನಿಲ್ಲುತ್ತದಾ? ಪಾರ್ಕಿನಲ್ಲಾದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಹಿಂದಿನಿಂದ ತಣ್ಣನೆ ಮೂಗು ತಾಗಿದರೆ ಎಲ್ಲಿಗೆ ಓಡಲಿ? ಕರೆದುಕೊಂಡು ಬರಲೇಬೇಡಿ ಅನ್ನಲ್ಲ. ಬಂದರೆ ಎಲ್ಲಿ ನಿಂತಿರುತ್ತೀರಿ ಅಂತ ಮೊದಲೇ ಹೇಳಿ, ನಾನು ಇನ್ನೊಂದು ಕಡೆ ಕೂರುತ್ತೇನೆ.

ಬೆಳಗಾವಿ ಕುಂದಾ

ಅಕ್ಕ, ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ಖಂಡಿತ ಹೇಳುತ್ತೇನೆ. ಮಜಲ್ (ಬಾಯಿಗೆ ಹಾಕೋ ಬುಟ್ಟಿ) ಹಾಕಿಸಿದರೆ ನಿಮಗೆ ಸ್ವಲ್ಪ ಪರವಾಗಿಲ್ಲವಾ?

ಮೊಸರನ್ನ

ಪರವಾಗಿಲ್ಲ. ಹಾಕಿ.

ಮಾಟುಂಗಾ ಮಾಮ

ಪಾಪದ ಪ್ರಾಣಿಗೆ ಕಳ್ಳನಿಗೆ ಬೇಡಿ ಹಾಕಿದ ಹಾಗೆ ಯಾಕಮ್ಮಾ? ನೋಡಿದವರೆಲ್ಲ ಕಚ್ಚೋ ನಾಯಿ ಅಂದುಕೊಳ್ಳುತ್ತಾರೆ.

ಬೆಳಗಾವಿ ಕುಂದಾ

ಮಾಮ, ರೇಸ್ ನಾಯಿಗಳಿಗೆ ಅದು ಚಿಕ್ಕಂದಿನ ಅಭ್ಯಾಸ. ಓಡುವಾಗಲೂ ಹಾಕುತ್ತಾರೆ, ಬಯಲಿಗೆ ಒಟ್ಟಿಗೆ ಬಿಡುವಾಗಲೂ ಹಾಕುತ್ತಾರೆ. ನಾನು ಬುಟ್ಟಿ ಕೈಗೆ ತೆಗೆದುಕೊಂಡರೆ ಅವನೇ ಬಂದು ಮೂಗು ತೂರಿಸುತ್ತಾನೆ, ವಾಕಿಂಗ್ ಹೊರಟೆವು ಅಂತ ಖುಷಿ. ಊರಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಲ್ವಾ, ಹಾಗೆ ಅಂದುಕೊಳ್ಳಿ. ನೀರು ಕುಡಿಯಬಹುದು, ತೇಕಬಹುದು. ಬಾಯಿ ಬಿಗಿಯುವ ಬಟ್ಟೆ ಪಟ್ಟಿ ಮಾತ್ರ ಬೇಡ, ನಾಯಿ ತೇಕಲಿಕ್ಕೆ ಆಗದೆ ಒದ್ದಾಡುತ್ತದೆ.

ನಾಯಿ ಡಾಕ್ಟರ್ (ಠಾಣೆ)

ಪ್ರಾಣಿ ವೈದ್ಯ, 19 ವರ್ಷದ ಪ್ರಾಕ್ಟೀಸ್. ಇದುವರೆಗೆ ಕೈಗೆ ಬಂದ ಗ್ರೇಹೌಂಡ್ ಮೂರೇ ಮೂರು. ಆ ಮೂರೂ ಏನೇನೋ ಕಲಿಸಿದವು.

ನಿಮ್ಮ ಯಜಮಾನರು "ಸುಮ್ಮನಿರೋ ನಾಯಿ" ಅಂದರಲ್ಲ, ನನಗೆ ಅಲ್ಲೇ ಅನುಮಾನ. ಲ್ಯಾಬ್ರಡಾರ್‌ಗೆ ಭಯವಾದರೆ ಎಳೆದಾಡುತ್ತದೆ. ಪಾಮೆರೇನಿಯನ್ ಬೊಗಳಿ ಊರು ಎಬ್ಬಿಸುತ್ತದೆ. ಗ್ರೇಹೌಂಡ್ ಹೆದರಿದರೆ ಕಲ್ಲಾಗಿಬಿಡುತ್ತದೆ. ನಾಲ್ಕು ಕಾಲೂ ನೆಲಕ್ಕೆ ನೆಟ್ಟ ಹಾಗೆ. ಜನ ಬಂದು ತಲೆ ಸವರಿ "ಎಷ್ಟು ಪಾಪದ್ದು" ಅಂತ ಸೆಲ್ಫಿ ತಗೊಂಡು ಹೋಗುತ್ತಾರೆ. ಅಷ್ಟು ಹೊತ್ತೂ ಅದರ ಎದೆ ದಬದಬ ಹೊಡೆದುಕೊಳ್ಳುತ್ತಿರುತ್ತದೆ. ಮುಖ ನೋಡಿ ಗೊತ್ತಾಗದಿದ್ದರೆ ಹಿಂಗಾಲಿನ ತೊಡೆಯ ಮೇಲೆ ಅಂಗೈ ಇಟ್ಟು ನೋಡಿ. ಸಣ್ಣಗೆ, ಮೊಬೈಲ್ ವೈಬ್ರೇಟ್ ಆದ ಹಾಗೆ ನಡುಗುತ್ತಿರುತ್ತದೆ.

ಬೇರೆ ಗುರುತೂ ಇವೆ. ತಿನ್ನೋದು ಏನೂ ಇಲ್ಲದೆ ತುಟಿ ನೆಕ್ಕೋದು, ನಿದ್ದೆ ಇಲ್ಲದೆ ಆಕಳಿಸೋದು, ಕಣ್ಣಿನ ಬಿಳಿ ಕಾಣೋ ಹಾಗೆ ವಾರೆ ನೋಡೋದು, ಬಾಲ ಹೊಟ್ಟೆಗೆ ಅಂಟೋದು. ನಾನು ಎಲ್ಲರಿಗೂ ಹೇಳೋ ಸುಲಭದ ಪರೀಕ್ಷೆ ಒಂದಿದೆ. ಅದಕ್ಕೆ ಪ್ರಾಣವಾದ ತಿಂಡಿ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಐದು ನಿಮಿಷಕ್ಕೊಮ್ಮೆ ಒಂದು ಚೂರು ಕೊಡಿ. ಮೂಸಿ ಮುಖ ತಿರುಗಿಸಿತೋ, ಅಲ್ಲಿಗೆ ಕಾರ್ಯಕ್ರಮ ಮುಗಿಯಿತು, ಮನೆಗೆ ಹೊರಡಿ.

ಇನ್ನು ಗ್ರೇಹೌಂಡ್‌ಗೇ ಸೇರಿದ ಮಾತು. ಅದರ ತಲೆ ಕುತ್ತಿಗೆಗಿಂತ ಸಣ್ಣ. ಸಾಮಾನ್ಯ ಬೆಲ್ಟ್ ಹಾಕಿದರೆ ಹಿಂದಕ್ಕೆ ಜಗ್ಗಿದ ತಕ್ಷಣ ಸರಕ್ಕನೆ ಜಾರಿ ಬರುತ್ತದೆ. ಅಗಲವಾದ, ಎಳೆದರೆ ಮಾತ್ರ ಬಿಗಿಯಾಗೋ ಮಾರ್ಟಿಂಗೇಲ್ ಬೆಲ್ಟ್ ಬೇಕು. ಡಬ್ಬಿಯೊಳಗೆ ಸುತ್ತಿಕೊಳ್ಳುವ ಉದ್ದ ದಾರದ ಲೀಶ್ ಬೇಡವೇ ಬೇಡ. ನಾಲ್ಕು ಹೆಜ್ಜೆಯಲ್ಲಿ ಬಾಣದ ಹಾಗೆ ಚಿಮ್ಮುವ ಪ್ರಾಣಿ ಅದು. ದಾರ ಮುಗಿದಾಗ ಬೀಳುವ ಪೆಟ್ಟು ಅದರ ಕುತ್ತಿಗೆಗೆ, ಕೊಯ್ಯೋದು ನಿಮ್ಮ ಬೆರಳನ್ನು. ಚರ್ಮ ಕಾಗದದಷ್ಟು ತೆಳು, ಮುರಿದ ಪ್ಲಾಸ್ಟಿಕ್ ಕುರ್ಚಿಯ ಅಂಚು ತಾಗಿದರೂ ಹೊಲಿಗೆ ಬೀಳುತ್ತದೆ. ಟಾರು, ಟೈಲ್ಸ್ ಮೇಲೆ ಅಂಗೈ ಹಿಂಭಾಗ ಏಳು ಸೆಕೆಂಡ್ ಇಡಲಿಕ್ಕೆ ಆಗದಿದ್ದರೆ ನಡೆಸಬೇಡಿ. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ. 41 ದಾಟಿತು ಅಂದರೆ ಜೀವಕ್ಕೆ ಅಪಾಯ.

ಸಂಬಂಧ ಇಲ್ಲದ್ದೊಂದು, ಆದರೂ ಹೇಳಿಬಿಡುತ್ತೇನೆ. ಹೊಸ ಡಾಕ್ಟರ ಹತ್ತಿರ ಹೋದಾಗ ಇದು ಗ್ರೇಹೌಂಡ್ ಅಂತ ಒತ್ತಿ ಹೇಳಿ. ಈ ತಳಿಯಲ್ಲಿ ಕೆಂಪು ರಕ್ತಕಣ ಬೇರೆ ನಾಯಿಗಳಿಗಿಂತ ಜಾಸ್ತಿ, ಥೈರಾಯ್ಡ್ ಕಡಿಮೆ. ಎರಡೂ ಅದಕ್ಕೆ ಸಹಜ. ಗೊತ್ತಿಲ್ಲದವರು ರಿಪೋರ್ಟ್ ನೋಡಿ ಇಲ್ಲದ ಕಾಯಿಲೆಗೆ ಮಾತ್ರೆ ಬರೆಯುತ್ತಾರೆ. ಅರಿವಳಿಕೆಯ ಹಳೇ ಔಷಧಿ ಕೆಲವು ಇವಕ್ಕೆ ಬೇಗ ಇಳಿಯೋದಿಲ್ಲ. ಆಮೇಲೆ ಉಣ್ಣೆ, ರಕ್ತ ಹೀರೋ ಹುಳ. ಐರ್ಲೆಂಡಿನಿಂದ ಬಂದ ನಾಯಿಗೆ ನಮ್ಮ ಉಣ್ಣೆ ಜ್ವರ ಹೊಸದು. ಹುಲ್ಲಿನ ಲಾನ್‌ನಿಂದ ಬಂದ ಮೇಲೆ ಕಿವಿ ಸಂದಿ, ಕಾಲ್ಬೆರಳ ಸಂದಿ ಎಲ್ಲ ನೋಡಿ.

ಡಬ್ಬಾ ದೋಸೆ

ಡಾಕ್ಟರೇ, ನಮ್ಮ ಬೀಗಲ್ ಐದು ನಿಮಿಷಕ್ಕಲ್ಲ, ಐದು ಸೆಕೆಂಡಿಗೊಮ್ಮೆ ಕೊಟ್ಟರೂ ತಿನ್ನುತ್ತದೆ. ಭೂಕಂಪ ಆದರೂ ತಿನ್ನುತ್ತದೆ. ಪರೀಕ್ಷೆ ಹೇಗೆ ಮಾಡಲಿ?

ನಾಯಿ ಡಾಕ್ಟರ್

ಬೀಗಲ್‌ಗೆ ಯಾವ ಪರೀಕ್ಷೆಯೂ ಇಲ್ಲ.

ಮುಧೋಳ ಮಾಸ್ತರ

ಗ್ರೇಹೌಂಡ್ ಅಂದರೆ ನಮ್ಮೂರ ನಾಯಿಯ ದೂರದ ನೆಂಟ. ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಪುಣೆಯಲ್ಲಿ ನಿಮ್ಮನ್ನು ಹತ್ತರಲ್ಲಿ ಎಂಟು ಜನ "ಕಾರವಾನ್ ಆಹೇ ಕಾ?" ಅಂತ ಕೇಳಿರಬೇಕು. ಮಹಾರಾಷ್ಟ್ರದಲ್ಲಿ ಕಾರವಾನ್ ಅನ್ನುವ ನಾಯಿಯೇ ನಮ್ಮಲ್ಲಿ ಮುಧೋಳ. ಘೋರ್ಪಡೆ ರಾಜರು ಬೆಳೆಸಿದ ತಳಿ, 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿಯನ್ನೇ ತಂದಿತು. ನನ್ನ ಹತ್ತಿರ ಎರಡಿವೆ, ಚೀಟಿಯಲ್ಲ, ನಾಯಿ.

ಈ ಜಾತಿ ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ದೂರದಲ್ಲಿ ಏನಾದರೂ ಸರಕ್ಕನೆ ಓಡಿದರೆ ಸಾಕು, ಆಮೇಲೆ ಕಿವಿ ಕೇಳಿಸೋದಿಲ್ಲ. ಹೆಸರು ಕೂಗಿ, ಅಳಿ, ಬೈಯಿರಿ, ಏನೂ ನಡೆಯೋದಿಲ್ಲ. ಗ್ರೇಹೌಂಡ್ ಆದರೆ ಗಂಟೆಗೆ 60 ಕಿಲೋಮೀಟರ್ ದಾಟಿ ಓಡುತ್ತದೆ, ನೀವು ಚಪ್ಪಲಿ ಹುಡುಕುವಷ್ಟರಲ್ಲಿ ಹೈವೇ ಮೇಲಿರುತ್ತದೆ.

ನಮ್ಮ ಅಜ್ಜ ಕೆಂಚ ಅನ್ನೋ ನಾಯಿಯನ್ನು ಬಾದಾಮಿ ಬನಶಂಕರಿ ಜಾತ್ರೆಗೆ ಕರೆದೊಯ್ದಿದ್ದರು. ನಾನು ಜೊತೆಗಿದ್ದೆ, ನಾಲ್ಕನೇ ಇಯತ್ತೆ. ದೇವಿಗೆ ತೋರಿಸಬೇಕು ಅಂತೇನಲ್ಲ, ನಾಲ್ಕು ಊರಿನವರು ನೋಡಿ ಹೊಗಳಲಿ ಅಂತ. ಮೊದಲ ಒಂದು ತಾಸು ರಾಜನ ಹಾಗೇ ನಡೆಯಿತು. ಆಮೇಲೆ ಒಬ್ಬ ಹುಡುಗ ದಾರ ಕಟ್ಟಿದ ತಗಡಿನ ಗಾಡಿ ಎಳೆದುಕೊಂಡು ಅಡ್ಡ ಓಡಿದ. ಗಡಗಡ ಸದ್ದು. ಅಜ್ಜ ಹಗ್ಗವನ್ನು ಮುಂಗೈಗೆ ಮೂರು ಸುತ್ತು ಸುತ್ತಿಕೊಂಡಿದ್ದರು. ಬಳೆಯಂಗಡಿಯ ಮುಂದಿನಿಂದ ಮಿರ್ಚಿ ಭಜಿ ಅಂಗಡಿಯ ತನಕ ಅಜ್ಜ ನೆಲದ ಮೇಲೇ ಹೋದರು. ಧೋತರ ಅರ್ಧ ದಾರಿಯಲ್ಲಿ ಉಳಿಯಿತು. ಮಣಿಕಟ್ಟು ಮುರಿದಿತ್ತು. ನಾಯಿ ಗಾಡಿ ಹಿಡಿದು, ಇದು ಮೊಲ ಅಲ್ಲವಲ್ಲ ಅಂತ ಮೂಸಿ ನೋಡುತ್ತಾ ನಿಂತಿತ್ತು. ಆ ಹುಡುಗನಿಗೆ ಏನೂ ಆಗಲಿಲ್ಲ, ಅಜ್ಜನ ಪುಣ್ಯ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬೇಡಿ ತಾಯಿ. ಕುಣಿಕೆಯಲ್ಲಿ ಕೈ ತೂರಿಸಿ ಎರಡೂ ಕೈಯಲ್ಲಿ ಹಿಡಿಯಿರಿ.

ಮಾಟುಂಗಾ ಮಾಮನವರಿಗೂ ಒಂದು ಮಾತು. ನಿಮ್ಮ ಸೋಮು ಬೆಳ್ಳಗೆ, ಗುಂಡಗೆ ಓಡಾಡುತ್ತಾನಲ್ಲ, ಇಂಥ ನಾಯಿಯ ಕಣ್ಣಿಗೆ ಅವನು ಮೊಲ. ಹೆಗಲ ಮೇಲೇ ಇರಲಿ.

ಮಾಟುಂಗಾ ಮಾಮ

ನಿಮ್ಮ ಮಾತು ಕೇಳಿ ನನಗೇ ಬೆವರು ಬಂತು ಮಾಸ್ತರೇ.

ಕೋರ್ಟು ಕಚೇರಿ (ಪುಣೆ)

ಚುಟುಕಾಗಿ ಎರಡು ಮಾತು. ನಿಮ್ಮ ಪಾಲಿಕೆಯ ನಾಯಿ ಲೈಸೆನ್ಸ್ ಮಾಡಿಸಿದ್ದೀರಾ? ಇಲ್ಲದಿದ್ದರೆ ಮಾಡಿಸಿ, ರೇಬೀಸ್ ಲಸಿಕೆಯ ಚೀಟಿಯೂ ಜೊತೆಗಿರಲಿ. ಇನ್ನೊಂದು, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. "ಸಾಕುಪ್ರಾಣಿಗಳಿಗೂ ಸ್ವಾಗತ" ಅಂತ ಕರೆಯೋಲೆಯಲ್ಲಿದ್ದರೂ ಹೊಣೆ ಹಗ್ಗ ಹಿಡಿದವರದ್ದೇ.

ಪಿಂಪ್ರಿ ಪಾಟೀಲ

ನಾನೂ ಅದನ್ನೇ ಹೇಳಿದ್ದು, ಕಲಂ ನಂಬರ್ ಗೊತ್ತಿರಲಿಲ್ಲ.

ಪಣಜಿ ಪರದೇಶಿ (ಗೋವಾ)

ನಮ್ಮಲ್ಲಿ ಡಿಸೆಂಬರ್ ಬಂತೆಂದರೆ ಬೆಂಗಳೂರು, ಪುಣೆ ಕಾರುಗಳಲ್ಲಿ ನಾಯಿಗಳೂ ಪ್ರವಾಸ ಬರುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ಕಲಂಗೂಟ್ ಮರಳಿನಲ್ಲಿ ಹಸ್ಕಿಯನ್ನು ಎಳೆದುಕೊಂಡು ಹೋಗೋದನ್ನು ನೋಡಿದ್ದೇನೆ. ಮಾಲೀಕರ ಕಾಲಲ್ಲಿ ಚಪ್ಪಲಿ ಇತ್ತು. ನಾಯಿ ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಅವರು "ಡಾನ್ಸ್ ಮಾಡ್ತಿದೆ ನೋಡು" ಅಂತ ವಿಡಿಯೋ ಮಾಡುತ್ತಿದ್ದರು. ಹೇಳಲಿಕ್ಕೆ ಹೋಗಿ ಬೈಸಿಕೊಂಡೆ.

ಒಂದೊಂದು ಶ್ಯಾಕ್ (ಬೀಚಿನ ಗುಡಿಸಲು ಹೋಟೆಲ್) ಮುಂದೆ ಅಲ್ಲಿನದೇ ನಾಯಿಗಳ ಗುಂಪು ಬೇರೆ. ಹೊಸ ನಾಯಿ ಬಂದರೆ ಐದಾರು ಒಟ್ಟಿಗೆ ಏಳುತ್ತವೆ. ಮೊರ್ಜಿಂ, ಆಗೊಂದ, ಗಾಲ್ಜಿಬಾಗ್ ಕಡೆ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡುವ ಜಾಗ. ಅಲ್ಲಿ ನಾಯಿ ಬಿಟ್ಟರೆ ಗೂಡು ಕೆದಕುತ್ತದೆ. ನಮ್ಮ ಬೀದಿನಾಯಿ ರಾಣಿಯನ್ನು ನಾನು ಬೆಳಿಗ್ಗೆ ಆರಕ್ಕೆ ಮಿರಾಮಾರ್‌ಗೆ ಕರೆದೊಯ್ದು ಏಳಕ್ಕೆ ವಾಪಸ್ ತರುತ್ತೇನೆ. ಅವಳಿಗೆ ಬೇಕಾಗಿರೋದು ಸಮುದ್ರ, ಜನ ಅಲ್ಲ. ಕುಂದಾ ಅವರೇ, ನೀವು ಹೋಗುವುದೇ ಆದರೆ ಹಿಂದಿನ ದಿನ ಖಾಲಿ ಲಾನ್ ತೋರಿಸಿ ಬನ್ನಿ. ರಾಣಿಗೆ ಹೊಸ ಜಾಗ ಆದಾಗ ನಾನು ಹಾಗೇ ಮಾಡೋದು.

ಬೆಳಗಾವಿ ಕುಂದಾ

ಎಲ್ಲ ಓದಿದೆವು, ಯಜಮಾನರಿಗೂ ಓದಿಸಿದೆ. ಅಜ್ಜನ ಧೋತರದ ಕಥೆಗೆ ನಕ್ಕು ನಕ್ಕು, ಆಮೇಲೆ ಎದ್ದು ಹೋಗಿ ಬೆಲ್ಟ್ ಬಿಗಿ ಇದೆಯಾ ನೋಡಿ ಬಂದರು.

ತೀರ್ಮಾನ ಇಷ್ಟು. ಶನಿವಾರ ಸಂಜೆ ಖಾಲಿ ಲಾನ್‌ಗೆ ಒಂದು ಸುತ್ತು. ಭಾನುವಾರ ನಾಲ್ಕಕ್ಕೆ ಬಂದು, ಐದೂವರೆಗೆ ಡೊಳ್ಳು ಶುರುವಾಗುವ ಮೊದಲೇ ಮನೆಗೆ. ಗೇಟಿನ ಬಲಕ್ಕೆ ಹುಣಸೆಮರ ಇದೆ, ಅದರ ಕೆಳಗಿರುತ್ತೇವೆ. ಊಟದ ಕಡೆ ಬರೋದಿಲ್ಲ. ಯಜಮಾನರು ನಾಯಿ ಬಿಟ್ಟು ಬೇರೇನೂ ನೋಡೋ ಹಾಗಿಲ್ಲ, ಫೋನ್ ನನ್ನ ಹತ್ತಿರ. ಮೊಸರನ್ನ ಅಕ್ಕ, ಗೊತ್ತಾಯ್ತಲ್ಲ, ಹುಣಸೆಮರ.

ಮೊಸರನ್ನ

ಗೊತ್ತಾಯ್ತು. ನಾನು ವೇದಿಕೆಯ ಎಡಕ್ಕೆ.

ಬೆಳಗಾವಿ ಕುಂದಾ (ಸೋಮವಾರ)

ಏನಾಯ್ತು ಅಂತ ನಾಲ್ಕು ಜನ ಮೆಸೇಜ್ ಮಾಡಿ ಕೇಳಿದ್ದೀರಿ. ಇಲ್ಲೇ ಬರೆಯುತ್ತೇನೆ.

ಶನಿವಾರ ಚೆನ್ನಾಗಿತ್ತು. ಖಾಲಿ ಲಾನ್‌ನಲ್ಲಿ ಮೂಸಿದ, ಮರದ ಕೆಳಗೆ ಮಲಗಿದ, ಒಂದು ಅಳಿಲು ನೋಡಿ ಕಿವಿ ನಿಗುರಿಸಿದ, ಅಷ್ಟೇ.

ಭಾನುವಾರ ನಾಲ್ಕಕ್ಕೆ ಹೋದೆವು. ಮೊದಲ ಇಪ್ಪತ್ತು ನಿಮಿಷ ನಮಗೇ ಆಶ್ಚರ್ಯ. ಪನೀರ್ ಚೂರು ಕೊಟ್ಟರೆ ಮಜಲ್ ಸಂದಿಯಿಂದ ನೆಕ್ಕಿಕೊಂಡ. ಮಗಳ ಗೆಳತಿಯರು ಒಬ್ಬೊಬ್ಬರೇ ಬಂದು ಭುಜದ ಹತ್ತಿರ ಸವರಿದರು. ಒಬ್ಬ ಪುಟ್ಟ "ಇದಕ್ಕೆ ಮನೇಲಿ ಊಟ ಹಾಕಲ್ವಾ ಆಂಟಿ?" ಅಂದ. ಪಕ್ಕೆಲುಬು ಕಾಣಬೇಕು ಈ ತಳಿಗೆ, ನಾನು ಎಷ್ಟು ಜನರಿಗೆ ಅಂತ ಹೇಳಲಿ. ಅವನಿಗೆ ಸಮಾಧಾನ ಆಗಲಿಲ್ಲ. ನಾನು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದಾಗ ಸೀದಾ ಹೋಗಿ ಡಬ್ಬದ ಕೇಸರಿಬಾತ್ ತಂದು ಮೂಗಿಗೆ ಹಿಡಿದುಬಿಟ್ಟ. ಪೂರ್ತಿ ದ್ರಾಕ್ಷಿ! ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ಮಜಲ್ ಇದ್ದದ್ದಕ್ಕೆ ಬಾಯಿಗೆ ಹೋಗಲಿಲ್ಲ, ಮೂತಿಗೆಲ್ಲ ತುಪ್ಪ ಮೆತ್ತಿಕೊಂಡಿತು. ಮಾಮ, ಬೇಡಿ ಅಂದಿರಲ್ಲ!

ಆಮೇಲೆ ನಾಲ್ಕೂವರೆ. ಡೊಳ್ಳಿನವರು ಬೇಗ ಬಂದಿದ್ದರು. ಯಾರೋ ಒಬ್ಬರು ಹದ ನೋಡಲಿಕ್ಕೆ ಒಂದೇ ಒಂದು ಏಟು ಹಾಕಿದರು. ಢಂ. ಅಷ್ಟೇ. ಶಾಂತಪ್ಪ ಕಲ್ಲಾದ. ಡಾಕ್ಟರ್ ಹೇಳಿದ ಹಾಗೇ. ಬಾಲ ಹೊಟ್ಟೆಯೊಳಗೆ, ಕಣ್ಣಿನ ಬಿಳಿ ಕಾಣುತ್ತಿತ್ತು. ತೊಡೆ ಮುಟ್ಟಿ ನೋಡಿದೆ, ನಡುಗುತ್ತಿತ್ತು. ಪನೀರ್ ಬೇಡ. ಎಳೆದರೆ ಒಂದು ಇಂಚೂ ಇಲ್ಲ. ಎತ್ತಿಕೊಳ್ಳಲಿಕ್ಕೆ ಹೋದರೆ ಹಿಂದಕ್ಕೆ ಜಗ್ಗುತ್ತಿದ್ದ. ಬೆಲ್ಟ್ ಜಾರಲಿಲ್ಲ, ಪುಣ್ಯ.

ಜನ ಸುತ್ತ ಸೇರಿದರು. "ಏನಾಯ್ತು? ಹುಷಾರಿಲ್ವಾ? ನೀರು ಹಾಕಿ ಮುಖಕ್ಕೆ." ಮೂರು ಫೋನ್ ಮೇಲೆದ್ದವು. ಯಜಮಾನರ ಮುಖ ಬಿಳಿಚಿಕೊಂಡಿತ್ತು. ಆಗ ಹಿಂದಿನಿಂದ ಒಂದು ಗಟ್ಟಿ ದನಿ ಬಂತು. "ಎಲ್ಲರೂ ಹಿಂದೆ ಸರೀರಿ. ಅದಕ್ಕೆ ಹೆದರಿಕೆಯಾಗಿದೆ, ಕಾಣಲ್ವಾ?" ಕೈಯಲ್ಲಿ ತಟ್ಟೆ ಹಿಡಿದ ಒಬ್ಬ ಹೆಂಗಸು, ಹದಿನೈದು ಅಡಿ ದೂರದಲ್ಲಿ ನಿಂತು ಎಲ್ಲರನ್ನೂ ಗದರಿಸುತ್ತಿದ್ದರು. ಒಬ್ಬೊಬ್ಬರನ್ನೇ ಕಳಿಸಿದರು. ನಾವು ಸುಮ್ಮನೆ ಅವನ ಪಕ್ಕ ನಿಂತೆವು, ಏಳೆಂಟು ನಿಮಿಷ. ಆಮೇಲೆ ಅವನೇ ಒಂದು ಕಾಲು ಎತ್ತಿ ಇಟ್ಟ, ಗೇಟಿನ ಕಡೆ. ಕಾರಿನೊಳಗೆ ಹೋಗಿ ಯಜಮಾನರ ಮೈಗೆ ಒರಗಿ ನಿಂತವನು ಮನೆ ಬರೋ ತನಕ ಮಲಗಲಿಲ್ಲ.

ಇನ್ನು ಮುಂದೆ ಮೇಳ, ಉತ್ಸವ ಅವನಿಗಿಲ್ಲ. ಮಗಳಿಗೂ ಅರ್ಥವಾಯಿತು. ಗೆಳತಿಯರನ್ನು ಇಬ್ಬಿಬ್ಬರಂತೆ ಮನೆಗೇ ಕರೆಯುತ್ತಾಳಂತೆ.

ಮೊಸರನ್ನ

ಆ ಹೆಂಗಸು ನಾನೇ. ನಾಯಿ ಈಗಲೂ ಇಷ್ಟ ಇಲ್ಲ, ಹೇಳಿಬಿಡುತ್ತೇನೆ. ಆದರೆ ಆ ನಡುಕ ದೂರದಿಂದಲೂ ಗೊತ್ತಾಗುತ್ತಿತ್ತು. ಲಿಫ್ಟಿನ ಮುಂದೆ ನಾನು ಹಾಗೇ ನಿಲ್ಲೋದು.

ಪಿಂಪ್ರಿ ಪಾಟೀಲ

ಆ ಏಟು ಹಾಕಿದ್ದು ನಮ್ಮ ತಮ್ಮ. ಅವನಿಗೆ ಗೊತ್ತಿರಲಿಲ್ಲ. ಸಾರಿ ಹೇಳು ಅಂದಿದ್ದಾನೆ.

ಮಾಟುಂಗಾ ಮಾಮ

ನಿನ್ನೆ ಸೋಮುಗೆ ಶಿವಾಜಿ ಪಾರ್ಕಿನಲ್ಲಿ ಬಿಸ್ಕೆಟ್ ಕೊಟ್ಟು ನೋಡಿದೆ. ಮುಖ ತಿರುಗಿಸಿದ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೊಟ್ಟು ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಅದೇ ಬಿಸ್ಕೆಟ್ ತಿಂದ.

ನಾಯಿ ಡಾಕ್ಟರ್

ಹನ್ನೊಂದು ವರ್ಷದ ನಾಯಿ, ಹಲ್ಲುನೋವೂ ಇರಬಹುದು. ಮೃದುವಾದದ್ದು ಕೊಟ್ಟು ಇನ್ನೊಮ್ಮೆ ನೋಡಿ ಮಾಮ. ಜಾಗ ಮಾತ್ರ ಅದೇ ಇರಲಿ.

ಡಬ್ಬಾ ದೋಸೆ

ಫೋಟೋ?

ಬೆಳಗಾವಿ ಕುಂದಾ

ಹಾಕಿದ್ದೇನೆ ನೋಡಿ. ಸೋಫಾ ಮೇಲೆ ಅಂಗಾತ ಬಿದ್ದು ನಾಲ್ಕು ಕಾಲೂ ಮೇಲೆ. ಗಾಬರಿಯಾಗಬೇಡಿ, ಅವರು ಮಲಗೋದೇ ಹಾಗೆ.

ಅಂದ ಹಾಗೆ ಕೇಸರಿಬಾತ್‌ನ ಸ್ಟೀಲ್ ಡಬ್ಬ ನಮ್ಮ ಬ್ಯಾಗಿನಲ್ಲೇ ಬಂದುಬಿಟ್ಟಿದೆ. ಹಸಿರು ಮುಚ್ಚಳ, ತಳದಲ್ಲಿ "ಸ. ಬಾ." ಅಂತ ಕೊರೆದಿದೆ. ಯಾರದ್ದು?